ಮನೆ ಸುಟ್ಟ ಮೇಲಿನ ತಿಂಗಳುಗಳು

ಮನೆ ಸುಟ್ಟುಹೋಯಿತು ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಏನಾದ್ರೂ ಉಳೀತಾ?" ನಾವು ನಾಲ್ಕು ಜನ ಉಳಿದೆವು. ಒಂದು ಕಾರು, ಪಾಸ್‌ಪೋರ್ಟ್‌ಗಳಿದ್ದ ಚೀಲ, ಮಗಳ ಪಿಟೀಲು, ಗಂಡನ ಆಫೀಸಿನ ಲ್ಯಾಪ್‌ಟಾಪ್. ಅಷ್ಟೇ.

ನಾವಿದ್ದದ್ದು ಅಮೆರಿಕದ ಲಾಸ್ ಏಂಜಲಿಸ್ ಕೌಂಟಿಯ ಆಲ್ಟಡೀನದಲ್ಲಿ. ಪ್ಯಾಸಡೀನಕ್ಕೆ ಅಂಟಿಕೊಂಡ, ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಬುಡದ ಊರು. ಸುಮಾರು 42 ಸಾವಿರ ಜನ. 2025ರ ಜನವರಿ 7ರ ಸಂಜೆ ಈಟನ್ ಕಣಿವೆಯಲ್ಲಿ ಹತ್ತಿದ ಬೆಂಕಿ ಬೆಳಗಾಗುವುದರೊಳಗೆ ಊರಿನೊಳಗೇ ಬಂದಿತ್ತು. ಮನೆ, ಅಂಗಡಿ, ಶಾಲೆ, ಹಿತ್ತಲ ಶೆಡ್ಡು ಎಲ್ಲ ಸೇರಿ 9,400ಕ್ಕೂ ಹೆಚ್ಚು ಕಟ್ಟಡ ನೆಲಸಮವಾದವು. 19 ಜನ ತೀರಿಕೊಂಡರು. ಅದೇ ದಿನ ಸಮುದ್ರದ ಕಡೆಯ ಪ್ಯಾಲಿಸೇಡ್ಸ್‌ನಲ್ಲಿ ಹತ್ತಿದ ಇನ್ನೊಂದು ಬೆಂಕಿ 6,800ಕ್ಕೂ ಹೆಚ್ಚು ಕಟ್ಟಡಗಳನ್ನೂ 12 ಜೀವಗಳನ್ನೂ ತೆಗೆದುಕೊಂಡಿತು. ಸಿನಿಮಾದವರ ಮನೆಗಳಿದ್ದ ಆ ಕಡೆಯನ್ನೇ ಟೀವಿಯವರು ಜಾಸ್ತಿ ತೋರಿಸಿದರು. ನಮ್ಮ ಕಡೆ ಇದ್ದವರು ಹೆಚ್ಚಾಗಿ ಟೀಚರ್‌ಗಳು, ನರ್ಸ್‌ಗಳು, ಬಡಗಿಗಳು, ಅಂಚೆಯವರು, ನಮ್ಮಂಥ ಸಂಬಳದವರು.

ಬೆಂಕಿಯನ್ನು ಎಲ್ಲರೂ ಫೋನಿನಲ್ಲಿ ನೋಡಿದ್ದಾರೆ. ಆಮೇಲಿನ ತಿಂಗಳುಗಳನ್ನು ಹೆಚ್ಚಿನವರು ನೋಡಿಲ್ಲ. ನಾನು ಬರೆಯಬೇಕು ಅಂದುಕೊಂಡಿರುವುದು ಅದನ್ನು. ಆದರೂ ಆ ರಾತ್ರಿಯ ಬಗ್ಗೆ ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅದಕ್ಕೂ ಹಿಂದಿನ ಎರಡು ಚಳಿಗಾಲ ಭರ್ಜರಿ ಮಳೆಯಾಗಿ ಬೆಟ್ಟದ ಮೇಲೆ ಹುಲ್ಲು, ಪೊದೆ ಎದೆಮಟ್ಟ ಬೆಳೆದಿದ್ದವು. ಆಮೇಲೆ ಮೇ ತಿಂಗಳಿಂದ ಮಳೆ ಬಂದಿಲ್ಲ ಅನ್ನುವಷ್ಟು ಕಡಿಮೆ. ಎಲ್ಲ ಒಣಗಿ ನಿಂತಿತ್ತು. ಅದರ ಮೇಲೆ ಮರುಭೂಮಿಯ ಕಡೆಯಿಂದ ಬರುವ ಸಾಂಟಾ ಆನಾ ಗಾಳಿ. ಪ್ರತಿ ವರ್ಷ ಬರುವಂಥದ್ದೇ, ಆದರೆ ಆ ದಿನದ್ದು ಬೇರೆ ಥರ. ಗಂಟೆಗೆ 130 ಕಿಲೋಮೀಟರ್‌ಗೂ ಮೀರಿ ಬೀಸಿತು. ನೀರು ಸುರಿಯುವ ವಿಮಾನ, ಹೆಲಿಕಾಪ್ಟರ್‌ಗಳನ್ನು ಕೆಳಗೆ ಇಳಿಸಬೇಕಾಯಿತು.

ನನ್ನ ತವರು ಸಾಗರದ ಹತ್ತಿರ. ನಮ್ಮ ಕಡೆ ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ತರಗೆಲೆ ಹಿಡಿದು ನೆಲದ ಮೇಲೆ ಹರಿಯುತ್ತದೆ. ಊರವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸುತ್ತಾರೆ. ಬೆಂಕಿ ಅಂದರೆ ನನ್ನ ತಲೆಯಲ್ಲಿದ್ದದ್ದು ಅದು. ಆಲ್ಟಡೀನದಲ್ಲಿ ಬೆಂಕಿ ನೆಲದ ಮೇಲೆ ಬರಲಿಲ್ಲ. ಕಿಡಿಗಳಾಗಿ ಗಾಳಿಯಲ್ಲಿ ಹಾರಿ ಬಂತು. ಮಾಡಿನ ಕೆಳಗೆ ಗಾಳಿಯಾಡಲು ಬಿಟ್ಟ ಕಿಂಡಿಯಲ್ಲಿ ಒಂದು ಕೆಂಡ ಹೊಕ್ಕರೆ ಸಾಕು, ಮರದ ಚೌಕಟ್ಟಿನ ಮನೆ ಒಳಗಿಂದ ಹತ್ತಿಕೊಳ್ಳುತ್ತದೆ. ಆಮೇಲೆ ಮನೆಯಿಂದ ಮನೆಗೆ. ಅದಕ್ಕೇ ಎಷ್ಟೋ ಕಡೆ ಮನೆ ಪೂರ್ತಿ ಬೂದಿ, ಪಕ್ಕದ ನಿಂಬೆ ಗಿಡದಲ್ಲಿ ಎಲೆ ಹಸಿರು.

ನಮ್ಮನ್ನು ಎಬ್ಬಿಸಿ ಹೊರಡಿಸಿದ್ದು ಪಕ್ಕದ ಮನೆಯವರು. ನನ್ನ ಮಕ್ಕಳು ಅವರನ್ನು ಅಜ್ಜಿ ಅಂತಲೇ ಕರೆಯುತ್ತಾರೆ, ಹಾಗಾಗಿ ಇಲ್ಲೂ ಅಜ್ಜಿ ಅಂತಲೇ ಬರೆಯುತ್ತೇನೆ. ಕಪ್ಪು ಜನಾಂಗದವರು, ನಿವೃತ್ತ ಟೀಚರ್. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. 1993ರ ಕಿನೆಲೋವಾ ಬೆಂಕಿಯನ್ನು ಕಣ್ಣಾರೆ ಕಂಡವರು. ಮಧ್ಯರಾತ್ರಿ ಬಾಗಿಲು ಬಡಿದು, "ಫೋನು ಹೊಡ್ಕೊಳ್ಳೋವರೆಗೂ ಕಾಯ್ಬೇಡಿ, ಮಕ್ಕಳನ್ನ ಎತ್ಕೊಂಡು ಹೊರಡಿ" ಅಂದರು. ಕರೆಂಟು ಹೋಗಿತ್ತು. ಹೊಗೆಯಲ್ಲಿ ಬೀದಿಯ ಆ ತುದಿ ಕಾಣುತ್ತಿರಲಿಲ್ಲ.

ಊರಿನ ನಡುವೆ ಹಾದುಹೋಗುವ ಲೇಕ್ ಅವೆನ್ಯೂವಿನ ಪೂರ್ವಕ್ಕಿದ್ದವರಿಗೆ ಖಾಲಿ ಮಾಡಿ ಅನ್ನುವ ಆದೇಶ ಫೋನಿಗೆ ಸಂಜೆಯೇ ಬಂದಿತ್ತು. ಪಶ್ಚಿಮಕ್ಕಿದ್ದ ನಮಗೆ ಬರುವಾಗ ಬೆಳಗಿನ ಜಾವ 3 ಗಂಟೆ ದಾಟಿತ್ತು. ತೀರಿಕೊಂಡವರಲ್ಲಿ ಬಹುತೇಕ ಎಲ್ಲರೂ ಪಶ್ಚಿಮದ ಕಡೆಯವರು, ಹೆಚ್ಚಿನವರು ವಯಸ್ಸಾದವರು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಅಜ್ಜಿ ಬಾಗಿಲು ಬಡಿಯದಿದ್ದರೆ ಅನ್ನುವ ಯೋಚನೆಯನ್ನು ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಮನೆ ಹೋಯಿತು ಅನ್ನುವುದು ತಿಳಿದದ್ದು ಮಾರನೇ ದಿನ. ನಮ್ಮ ಬೀದಿಯ ಹುಡುಗನೊಬ್ಬ ಸೈಕಲ್ಲಿನಲ್ಲಿ ಒಳಗೆ ಹೋಗಿ ಒಂದೊಂದೇ ಮನೆಯ ಮುಂದೆ ನಿಂತು ವಿಡಿಯೊ ಮಾಡಿ ಬೀದಿಯ ಗುಂಪಿಗೆ ಕಳಿಸಿದ. ಮನೆ ಇದ್ದರೆ ನಂಬರ್ ಹೇಳಿ "ಇದೆ" ಅನ್ನುತ್ತಿದ್ದ. ಇಲ್ಲದಿದ್ದರೆ ನಂಬರ್ ಹೇಳಿ "ಸಾರಿ" ಅನ್ನುತ್ತಿದ್ದ. ಬೀದಿ ಮುಗಿಯುವಷ್ಟರಲ್ಲಿ ಅವನ ಸ್ವರ ಒಡೆದಿತ್ತು. ತನ್ನ ಮನೆಯ ನಂಬರನ್ನೂ ಅದೇ ಥರ ಹೇಳಿದ.

ನಾವು ಡೈಮಂಡ್ ಬಾರ್ ಅನ್ನುವ ಊರಿನಲ್ಲಿರುವ ಕನ್ನಡದ ಸ್ನೇಹಿತರ ಮನೆಯಲ್ಲಿದ್ದೆವು. ಅಜ್ಜಿ ಮೊದಲು ಪ್ಯಾಸಡೀನ ಕನ್ವೆನ್ಶನ್ ಸೆಂಟರಿನ ಆಶ್ರಯ ಶಿಬಿರದಲ್ಲಿ ಮಡಚುವ ಮಂಚದ ಮೇಲೆ ಮಲಗಿದರು. ಆಮೇಲೆ ಮಗಳು ಬಂದು ಕರೆದುಕೊಂಡು ಹೋದಳು.

ನಮ್ಮೂರಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅನ್ನ ಸಾರು ತಂದಿಟ್ಟು ಹೋಗುತ್ತಾರೆ. ಯಾವ ದಿನ ಏನು ಮಾಡಬೇಕು, ಯಾರು ಬರಬೇಕು, ಎಲ್ಲದಕ್ಕೂ ಒಂದು ಕ್ರಮ ಇದೆ. ಹದಿಮೂರು ದಿನ ಕಳೆಯುವಷ್ಟರಲ್ಲಿ ಮನಸ್ಸಿಗೆ ಒಂದು ದಾರಿ ಸಿಕ್ಕಿರುತ್ತದೆ. ಮನೆ ಸತ್ತರೆ? ಅದಕ್ಕೆ ಯಾವ ಕ್ರಮವೂ ಇಲ್ಲ. ಅಳಬೇಕೋ, ಫೋನು ಹಿಡಿದು ಇನ್ಶೂರೆನ್ಸ್‌ನವರ ಸಾಲಿನಲ್ಲಿ ಕಾಯಬೇಕೋ ಗೊತ್ತಾಗುವುದಿಲ್ಲ. ಅಮ್ಮ ಊರಿಂದ ದಿನಾ ಫೋನ್ ಮಾಡಿ "ಊಟ ಆಯ್ತಾ?" ಅಂತ ಮಾತ್ರ ಕೇಳುತ್ತಿದ್ದಳು. ಬೇರೇನೂ ಕೇಳುತ್ತಿರಲಿಲ್ಲ.

ಸಹಾಯಕ್ಕೇನೂ ಕೊರತೆ ಇರಲಿಲ್ಲ. ಆರ್ಕೇಡಿಯಾದ ಸಾಂಟಾ ಅನೀಟಾ ಕುದುರೆ ರೇಸ್ ಮೈದಾನದ ಪಾರ್ಕಿಂಗ್ ಜಾಗದಲ್ಲಿ ಯಾರೋ ಹುಡುಗ ಹುಡುಗಿಯರು ಸೇರಿ ಬಟ್ಟೆ, ಡಯಾಪರು, ನೀರಿನ ಬಾಟಲಿ ಹಂಚಲು ಶುರು ಮಾಡಿದ್ದರು. ಯಾವ ಸಂಸ್ಥೆಯೂ ಅವರನ್ನು ಕಳಿಸಿರಲಿಲ್ಲ. ರಟ್ಟಿನ ಮೇಲೆ ಮಾರ್ಕರ್‌ನಲ್ಲಿ "ಮಕ್ಕಳದು", "ಗಂಡಸರದು", "ಶೂ" ಅಂತ ಬರೆದು ಕಂಬಕ್ಕೆ ಕಟ್ಟಿದ್ದರು. ವರ್ಲ್ಡ್ ಸೆಂಟ್ರಲ್ ಕಿಚನ್‌ನವರು ಬಿಸಿ ಊಟ ಹಂಚುತ್ತಿದ್ದರು. ನಮ್ಮ ಕನ್ನಡದವರು ಬಿಸಿಬೇಳೆ ಬಾತ್, ಚಪಾತಿ, ಮಕ್ಕಳಿಗೆ ಸ್ವೆಟರ್, ನನಗೆ ಒಂದು ಪುಟ್ಟ ಕುಕ್ಕರ್ ತಂದುಕೊಟ್ಟರು. ಆ ಕುಕ್ಕರ್ ನೋಡಿ ನಾನು ಮೊದಲ ಸಲ ಜೋರಾಗಿ ಅತ್ತೆ. ಅಷ್ಟು ದಿನ ಅತ್ತಿರಲಿಲ್ಲ.

ಆದರೆ ಬಟ್ಟೆ ಬಹಳ ಬೇಗ ಸಾಕಾಗುತ್ತದೆ. ಹಾಕಿಡಲು ಬೀರು ಇಲ್ಲದವರಿಗೆ ಎಷ್ಟು ಬಟ್ಟೆ ಕೊಡುತ್ತೀರಿ? ನಮಗೆ ಬೇಕಾಗಿದ್ದದ್ದು ಪಕ್ಕದಲ್ಲಿ ಕೂತು ಫಾರಂ ಓದುವವರು. ಮಕ್ಕಳನ್ನು ಎರಡು ಗಂಟೆ ನೋಡಿಕೊಳ್ಳುವವರು. ಜೊತೆಗೆ ಬರುವವರು. ಇದನ್ನು ನಾವು ಕೇಳಲಿಲ್ಲ, ಯಾಕೆಂದರೆ ಕೇಳಬೇಕು ಅಂತಲೂ ಹೊಳೆದಿರಲಿಲ್ಲ. ಡೈಮಂಡ್ ಬಾರ್ ಸ್ನೇಹಿತೆ ತಾನಾಗಿ ಒಂದು ಫೈಲು, ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟು, "ಇವತ್ತಿಂದ ಯಾರ ಹತ್ರ ಏನು ಮಾತಾಡಿದ್ರೂ ತಾರೀಕು, ಹೆಸರು ಇದ್ರಲ್ಲಿ ಬರಿ. ನೀನು ಮಾತಾಡು, ನಾನು ಬರೀತೀನಿ" ಅಂದಳು. ಆ ನೋಟ್‌ಬುಕ್ ಈಗ ದಪ್ಪವಾಗಿ ರಬ್ಬರ್‌ಬ್ಯಾಂಡ್ ಹಾಕಿಡುವ ಹಾಗಾಗಿದೆ.

ಮೊದಲು ಹೋದದ್ದು ಪ್ಯಾಸಡೀನದಲ್ಲಿ ತೆರೆದಿದ್ದ ವಿಪತ್ತು ಪರಿಹಾರ ಕೇಂದ್ರಕ್ಕೆ. ಫೆಮಾ ಅನ್ನುವ ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆಯವರು, ಸಣ್ಣ ಉದ್ಯಮ ಸಾಲದವರು, ಡ್ರೈವಿಂಗ್ ಲೈಸೆನ್ಸ್‌ನವರು, ಜನನ ಪತ್ರದವರು ಎಲ್ಲ ಒಂದೇ ಕಡೆ ಮೇಜು ಹಾಕಿ ಕೂತಿದ್ದರು. ತುರ್ತು ಖರ್ಚಿಗೆ ಅಂತ ಫೆಮಾ ಆಗ ಕೊಡುತ್ತಿದ್ದದ್ದು 770 ಡಾಲರ್. ಸುಟ್ಟುಹೋದ ದಾಖಲೆ ಮತ್ತೆ ಮಾಡಿಸಲು ದಾಖಲೆ ಕೇಳುತ್ತಾರೆ. ನಮಗೆ ಪಾಸ್‌ಪೋರ್ಟ್ ಇತ್ತು, ಸಲೀಸಾಯಿತು. ಸಾಲಿನಲ್ಲಿ ನಮ್ಮ ಮುಂದೆ ಇದ್ದವರ ಕಥೆ ಬೇರೆ. ಮನೆ ಇನ್ನೂ ತೀರಿಕೊಂಡ ತಾಯಿಯ ಹೆಸರಲ್ಲಿ. ಸಾಲ ತೀರಿ ಎಷ್ಟೋ ವರ್ಷ ಆಗಿದ್ದರಿಂದ ಇನ್ಶೂರೆನ್ಸ್ ಬಿಟ್ಟಿದ್ದರು.

ಅಂಥವರು ನಮ್ಮ ಕಡೆ ಬಹಳ ಇದ್ದರು. ಅದಕ್ಕೂ ಕಾರಣ ಇದೆ. ಒಂದು ಕಾಲದಲ್ಲಿ ಈ ದೇಶದ ಬ್ಯಾಂಕುಗಳು ಕಪ್ಪು ಜನರಿಗೆ ಹೆಚ್ಚಿನ ಬಡಾವಣೆಗಳಲ್ಲಿ ಮನೆ ಸಾಲ ಕೊಡುತ್ತಿರಲಿಲ್ಲ. ಮನೆ ಕೊಡುವುದರಲ್ಲಿ ಬಣ್ಣದ ಭೇದ ಮಾಡಬಾರದು ಅನ್ನುವ 1968ರ ಕಾನೂನಿನ ಆಸುಪಾಸಿನಲ್ಲಿ ಅವರಿಗೆ ಬಾಗಿಲು ತೆರೆದ ಕೆಲವೇ ಜಾಗಗಳಲ್ಲಿ ಆಲ್ಟಡೀನದ ಪಶ್ಚಿಮ ಭಾಗವೂ ಒಂದು. ಅಜ್ಜಿ ಮತ್ತು ಅವರ ಗಂಡ ಬಂದದ್ದೂ ಎಪ್ಪತ್ತರ ದಶಕದಲ್ಲಿ, ಹಾಗೆಯೇ. ಬೆಂಕಿಗೆ ಮುಂಚೆ ಇಲ್ಲಿನ ಕಪ್ಪು ಕುಟುಂಬಗಳಲ್ಲಿ ನೂರಕ್ಕೆ ಸುಮಾರು 80 ಸ್ವಂತ ಮನೆಯವರು. ದೇಶದ ಕಪ್ಪು ಕುಟುಂಬಗಳ ಸರಾಸರಿಗೆ ಹೋಲಿಸಿದರೆ ಹತ್ತಿರ ಹತ್ತಿರ ಎರಡು ಪಟ್ಟು. ಮಕ್ಕಳ ಕಾಲೇಜು, ಮೊಮ್ಮಕ್ಕಳ ಮದುವೆ ಎಲ್ಲದಕ್ಕೂ ಆಧಾರ ಅದೇ ಮನೆ. ಅದು ಹೋದರೆ ಮೂರು ತಲೆಮಾರಿನದು ಒಟ್ಟಿಗೆ ಹೋದ ಹಾಗೆ.

ಒಳಗೆ ಹೋಗಲು ನಮಗೆ ಬಿಟ್ಟದ್ದು ಜನವರಿ ಮೂರನೇ ವಾರ ಕಳೆದ ಮೇಲೆ. ಬೀದಿಯ ಬಾಯಲ್ಲಿ ನ್ಯಾಷನಲ್ ಗಾರ್ಡ್‌ನವರು ನಿಂತು ಗುರುತಿನ ಚೀಟಿ ನೋಡಿ ಒಳಗೆ ಬಿಡುತ್ತಿದ್ದರು. ಬಿಳಿ ಮೇಲಂಗಿ, ಎನ್95 ಮಾಸ್ಕ್, ಕೈಗವಸು, ಗಮ್‌ಬೂಟು. ಬೂದಿಯಲ್ಲಿ ಸೀಸ ಇರುತ್ತದೆ, ಹಳೇ ಮನೆಗಳ ಆಸ್ಬೆಸ್ಟಾಸ್ ಇರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ ಅಂದರು. ನಲ್ಲಿಯಲ್ಲಿ ನೀರು ಬರುತ್ತಿತ್ತು, ಆದರೆ ಕುದಿಸಿದರೂ ಕುಡಿಯಬೇಡಿ ಅಂತ ಬೋರ್ಡು ಹಾಕಿದ್ದರು. ಪೈಪುಗಳೊಳಗೆ ಬೆಂಜೀನ್ ಸೇರಿರಬಹುದು, ಕುದಿಸಿದರೆ ಅದು ಮನೆಯೊಳಗಿನ ಗಾಳಿಗೆ ಬರುತ್ತದೆ ಅಂತ.

ಒಂದು ಮನೆ ಎಷ್ಟು ಕಡಿಮೆ ಬೂದಿಯಾಗುತ್ತದೆ ಅನ್ನುವುದು ನೋಡಿದ ಮೇಲೇ ನಂಬಿಕೆ ಬಂದದ್ದು. ಮೊಣಕಾಲಿನಷ್ಟೂ ಇರಲಿಲ್ಲ. ಹೊಗೆಗೂಡು ಒಂದೇ ನಿಂತಿತ್ತು. ಫ್ರಿಜ್ಜು ಬಗ್ಗಿಹೋಗಿತ್ತು. ಪಕ್ಕದವರ ಕಾರಿನ ಚಕ್ರದ ಅಲ್ಯುಮಿನಿಯಂ ಕರಗಿ ಇಳಿಜಾರಿನಲ್ಲಿ ಹರಿದು ಗಟ್ಟಿಯಾಗಿತ್ತು. ಅಡುಗೆಮನೆ ಇದ್ದ ಜಾಗದಲ್ಲಿ ನನ್ನ ವೆಟ್ ಗ್ರೈಂಡರಿನ ಕಲ್ಲುಗಳು ಇದ್ದವು. ಸುತ್ತಲಿನ ಮೋಟರು, ಪ್ಲಾಸ್ಟಿಕ್ಕು, ಬೆಲ್ಟು ಏನೂ ಇಲ್ಲ. ಒಂದು ಕಲ್ಲು ಬಿರುಕು ಬಿಟ್ಟಿತ್ತು, ಇನ್ನೊಂದು ಹಾಗೇ ಇತ್ತು. ನನ್ನ ಗಂಡ ಅದನ್ನು ಎತ್ತಿ ಒರೆಸಿ ಕಾರಿನಲ್ಲಿಟ್ಟರು. "ಯಾಕೆ?" ಅಂತ ನಾನು ಕೇಳಲಿಲ್ಲ.

ಅಜ್ಜಿಗೆ ಬೇಕಾಗಿದ್ದದ್ದು ಒಂದೇ, ಗಂಡನ ಚಿತಾಭಸ್ಮ. ಇಲ್ಲಿ ಎಷ್ಟೋ ಜನ ಅದನ್ನು ಭರಣಿಯಲ್ಲಿಟ್ಟು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅವರದು ಮಲಗುವ ಕೋಣೆಯ ಕಪಾಟಿನ ಮೇಲಿತ್ತು. ಬೂದಿಯ ರಾಶಿಯಲ್ಲಿ ಬೂದಿ ಹುಡುಕುವುದು ಹೇಗೆ? ಇದಕ್ಕಾಗಿಯೇ ತರಬೇತಿ ಕೊಟ್ಟ ನಾಯಿಗಳಿವೆ, ಅವುಗಳ ಜೊತೆ ಪುರಾತತ್ವದವರು ಬರುತ್ತಾರೆ, ದುಡ್ಡು ಕೇಳುವುದಿಲ್ಲ ಅಂತ ಬೀದಿಯ ಗುಂಪಿನಲ್ಲಿ ಯಾರೋ ಹಾಕಿದರು. ಹೆಸರು ಕೊಟ್ಟೆವು.

ಬಂದ ದಿನ ಅಜ್ಜಿ ಮೊದಲು ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಟ್ಟರು. ಮಂಚ ಇಲ್ಲಿ, ಕಪಾಟು ಇಲ್ಲಿ, ಕಿಟಕಿ ಇಲ್ಲಿ. ನಾಯಿಯನ್ನು ಹಗ್ಗ ಬಿಚ್ಚಿ ಬಿಟ್ಟರು. ಮೂಗು ನೆಲಕ್ಕಿಟ್ಟು ಆ ಕೋಣೆಯ ಜಾಗದಲ್ಲಿ ಸುತ್ತಿತು, ಹೊರಗೆ ಹೋಯಿತು, ಮತ್ತೆ ಬಂತು, ಒಂದು ಕಡೆ ಮಲಗಿ ಯಜಮಾನಿಯ ಮುಖ ನೋಡಿತು. ಅದೇ ಅದರ ಸೂಚನೆ. ಆ ಜಾಗಕ್ಕೆ ಪುಟ್ಟ ಬಾವುಟ ನೆಟ್ಟರು. ಆಮೇಲೆ ಇಬ್ಬರು ಮಂಡಿಯೂರಿ ಕೂತು ಗಾರೆ ಕೆಲಸದವರ ಕರಣಿಯಂಥದ್ದರಿಂದ ಪದರ ಪದರವಾಗಿ ತೆಗೆದರು. ಮೇಲಿನದು ಸೂರಿನ ಬೂದಿ, ಕಪ್ಪು. ಅದರ ಕೆಳಗೆ ಗೋಡೆಯ ಸುಣ್ಣ. ಅದರ ಕೆಳಗೆ ಒಂದು ಹಿಡಿಯಷ್ಟು ಜಾಗದಲ್ಲಿ ತಿಳಿ ಬಣ್ಣದ, ರವೆಯ ಹಾಗೆ ತರಿತರಿಯಾದ ಬೂದಿ. ಅವರಲ್ಲೊಬ್ಬರು ಅದನ್ನು ಮುಟ್ಟದೆ ಸುಮ್ಮನೆ ಅಜ್ಜಿಯ ಕಡೆ ನೋಡಿದರು. ಇನ್ನೂ ಸ್ವಲ್ಪ ಕೆರೆದಾಗ ದುಂಡನೆಯ ಒಂದು ಲೋಹದ ಬಿಲ್ಲೆ ಸಿಕ್ಕಿತು. ದಹನ ಮಾಡುವಾಗ ದೇಹದ ಜೊತೆ ನಂಬರ್ ಇರುವ ಬಿಲ್ಲೆ ಇಡುತ್ತಾರೆ, ಅದು ಕೊನೆಯವರೆಗೂ ಬೂದಿಯ ಜೊತೆಗೇ ಇರುತ್ತದೆ. ಅಜ್ಜಿ ಅದರ ಮೇಲಿನ ನಂಬರನ್ನು ಬೆರಳಿಂದ ಒರೆಸಿ ಗಟ್ಟಿಯಾಗಿ ಓದಿದರು. "ಹೌದು, ಇವರೇ" ಅಂದರು. ಆಮೇಲೆ ಗಂಡನ ಜೊತೆ ಮಾತಾಡುವ ಹಾಗೆ, "ಎರಡು ಸಲ ಬೆಂಕಿಯಲ್ಲಿ ಹೋಗಿ ಬಂದೆಯಲ್ಲ" ಅಂದರು. ಬೀದಿಯ ನಾವೆಲ್ಲ ಅಲ್ಲೇ ನಿಂತಿದ್ದೆವು. ಯಾರೂ ಮಾಸ್ಕ್ ತೆಗೆಯುವ ಹಾಗಿರಲಿಲ್ಲ. ಕಣ್ಣೀರು ಮಾಸ್ಕಿನೊಳಗೇ ಇಳಿಯಿತು.

ಆ ರಾತ್ರಿ ಅಮ್ಮನಿಗೆ ಹೇಳಿದೆ. "ಅಸ್ಥಿ ಮನೇಲೇ ಇಟ್ಕೊಂಡಿದ್ರಾ?" ಅಂತ ಅವಳಿಗೆ ಮೊದಲು ದಿಗಿಲಾಯಿತು. ಸ್ವಲ್ಪ ಹೊತ್ತು ಬಿಟ್ಟು, "ಅಂತೂ ಸಿಕ್ತಲ್ಲ. ಒಳ್ಳೇದಾಯ್ತು ಬಿಡು" ಅಂದಳು.

ಮುಂದಿನ ವಾರಗಳಲ್ಲಿ ಬೀದಿಯವರು ಒಬ್ಬೊಬ್ಬರ ಜಾಗದಲ್ಲಿ ಸೇರಿ ಜರಡಿ ಹಿಡಿದೆವು. ಮರದ ಚೌಕಟ್ಟಿಗೆ ತಂತಿ ಬಲೆ ಹೊಡೆದ ದೊಡ್ಡ ಜರಡಿ, ಇಬ್ಬರು ಹಿಡಿಯಬೇಕು. ಒಬ್ಬರು ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಧೂಳು ಏಳುತ್ತದೆ. ಸಿಗುತ್ತಿದ್ದದ್ದು ಪಿಂಗಾಣಿ ಚೂರು, ಮೊಳೆ, ಕರಗಿದ ಗಾಜು. ಅಪರೂಪಕ್ಕೆ ಒಂದು ಉಂಗುರ. ನನ್ನ ಮಂಗಳಸೂತ್ರದ ಜಾಗದಲ್ಲಿ ಹೆಸರುಕಾಳಿನಷ್ಟು ಚಿನ್ನದ ಹನಿ ಸಿಕ್ಕಿತು. ಸಿಗುವುದಕ್ಕಿಂತ ಹೆಚ್ಚಾಗಿ, ಜರಡಿ ಹಿಡಿದುಕೊಂಡೇ ಜನ ಮಾತಾಡುತ್ತಿದ್ದರು. ಮುಖ ನೋಡಿ ಹೇಳಲಾಗದ್ದನ್ನು ಜರಡಿ ನೋಡುತ್ತಾ ಹೇಳಬಹುದು.

ಎದುರು ಮನೆಯವರು ಮಾತ್ರ ಬರುತ್ತಿರಲಿಲ್ಲ. ಅವರ ಮನೆ ಉಳಿದಿತ್ತು. ಉಳಿದಿತ್ತು ಅಂದರೆ ಗೋಡೆ ಉಳಿದಿತ್ತು. ಒಳಗೆ ಹೊಗೆ, ಸೀಸದ ಧೂಳು. ಇನ್ಶೂರೆನ್ಸ್‌ನವರು "ಒರೆಸಿಕೊಂಡು ಇರಿ" ಅಂದಿದ್ದರು. ಮಗುವಿಗೆ ಇನ್ನೂ ಎರಡು ವರ್ಷ. ಮನೆ ಕಳೆದುಕೊಂಡವರ ಮುಂದೆ ನಾನೇನು ಅಂತ ದುಃಖ ಹೇಳಲಿ ಅನ್ನುವ ಸಂಕೋಚ ಅವರಿಗೆ. ಅಜ್ಜಿಯೇ ಹೋಗಿ ಕರೆದುಕೊಂಡು ಬಂದರು. "ನಿನ್ನ ಬೀದೀನೂ ಹೋಗಿದೆ ತಾನೇ?" ಅಂತ ಕೇಳಿದರಂತೆ. ಅದು ನಿಜ. ರಾತ್ರಿ ದೀಪ ಹಚ್ಚಿದರೆ ಸುತ್ತ ಇನ್ನೊಂದು ದೀಪ ಇಲ್ಲದ ಬೀದಿಯಲ್ಲಿ ಇರುವುದು ಸುಲಭ ಅಲ್ಲ.

ಇನ್ನು ಪಟ್ಟಿಯ ವಿಷಯ. ಮನೆಯೊಳಗಿನ ಸಾಮಾನಿಗೆ ಪರಿಹಾರ ಬೇಕಾದರೆ ಒಂದೊಂದನ್ನೂ ಬರೆಯಬೇಕು. ವಸ್ತು, ಎಷ್ಟು, ಯಾವಾಗ ತಗೊಂಡಿದ್ದು, ಆಗಿನ ಬೆಲೆ, ಈಗ ಅದೇ ತರಬೇಕಾದರೆ ಎಷ್ಟು. ಚಮಚ, ಹ್ಯಾಂಗರ್, ಮಸಾಲೆ ಡಬ್ಬಿ, ಟೂತ್‌ಬ್ರಷ್ಷು ಎಲ್ಲ. ಕ್ಯಾಲಿಫೋರ್ನಿಯಾದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ ಬೆಂಕಿಯಲ್ಲಿ ಮನೆ ಪೂರ್ತಿ ಹೋಗಿದ್ದರೆ, ಕಟ್ಟಡದ ವಿಮೆ ಮೊತ್ತದ ಕನಿಷ್ಠ ಶೇ 30ರಷ್ಟನ್ನು, ಎರಡೂವರೆ ಲಕ್ಷ ಡಾಲರ್ ಮಿತಿಯೊಳಗೆ, ಪಟ್ಟಿ ಕೇಳದೆ ಸಾಮಾನಿಗೆ ಅಂತ ಕೊಡಬೇಕು ಅನ್ನುವ ಕಾನೂನು ಆಗ ಇತ್ತು. ಇದನ್ನು ನಮಗೆ ಕಂಪನಿಯವರು ಹೇಳಲಿಲ್ಲ. ಹೇಳಿದ್ದು 2018ರಲ್ಲಿ ಪ್ಯಾರಡೈಸ್ ಊರು ಸುಟ್ಟಾಗ ಮನೆ ಕಳೆದುಕೊಂಡ ಒಬ್ಬರು. ಆ ಬೆಂಕಿಯಲ್ಲಿ 85 ಜನ ಸತ್ತಿದ್ದರು. ಅವರು ತಮ್ಮ ಖರ್ಚಿನಲ್ಲಿ ಇಲ್ಲಿಗೆ ಬಂದು ಚರ್ಚಿನ ಅಂಗಳದಲ್ಲಿ ಕುರ್ಚಿ ಹಾಕಿ ಕೂತು, ಬಂದವರಿಗೆಲ್ಲ ಹೇಳಿಕೊಡುತ್ತಿದ್ದರು. 1991ರ ಓಕ್‌ಲ್ಯಾಂಡ್ ಬೆಂಕಿಯ ನಂತರ ಶುರುವಾದ ಯುನೈಟೆಡ್ ಪಾಲಿಸಿಹೋಲ್ಡರ್ಸ್ ಅನ್ನುವ ಸಂಸ್ಥೆಯೂ ಇಂಥ ವಿಷಯದಲ್ಲಿ ದಾರಿ ತೋರಿಸುತ್ತದೆ. ಮೊದಲು ಸುಟ್ಟುಕೊಂಡವರು ಆಮೇಲೆ ಸುಟ್ಟುಕೊಂಡವರ ಕೈ ಹಿಡಿಯುವ ಒಂದು ಸಾಲೇ ಈ ರಾಜ್ಯದಲ್ಲಿದೆ.

ಶೇ 30 ಸಾಲದಿದ್ದರೆ ಮಿಕ್ಕಿದ್ದಕ್ಕೆ ಪಟ್ಟಿ ಬೇಕೇ ಬೇಕಿತ್ತು. ನಾನು ಕೂತರೆ ನೆನಪೇ ಆಗುತ್ತಿರಲಿಲ್ಲ. ಅಡುಗೆಮನೆಯ ಎರಡನೇ ಡ್ರಾಯರಿನಲ್ಲಿ ಏನಿತ್ತು? ಆಗ ಸ್ನೇಹಿತೆ ನಮ್ಮ ಕನ್ನಡದ ವಾಟ್ಸ್ಯಾಪ್ ಗುಂಪಿನಲ್ಲಿ, "ಇವರ ಮನೆಯಲ್ಲಿ ತೆಗೆದ ಫೋಟೋ ಯಾರ ಹತ್ತಿರ ಇದ್ದರೂ ಕಳಿಸಿ" ಅಂತ ಹಾಕಿದಳು. ಬಂದವು ನೋಡಿ! ಗೃಹಪ್ರವೇಶದ್ದು, ವರಮಹಾಲಕ್ಷ್ಮಿ ಹಬ್ಬದ್ದು, ಮಗನ ಹುಟ್ಟುಹಬ್ಬದ್ದು, ಯುಗಾದಿ ಊಟದ್ದು. ಒಬ್ಬರು ಹಳೇ ಫೋನು ಚಾರ್ಜ್ ಮಾಡಿ ಹುಡುಕಿ ಕಳಿಸಿದರು. ಊಟದ ಮೇಜಿನ ಸುತ್ತ ನಾಲ್ಕೈದು ಹೆಂಗಸರು ಕೂತು ಮುಂದಿನವರ ಮುಖ ಬಿಟ್ಟು ಹಿಂದಿನ ಸಾಮಾನು ನೋಡಿ ಬರೆದೆವು. "ಈ ಹಿತ್ತಾಳೆ ದೀಪ ಜೋಡಿ ಇತ್ತಲ್ವಾ?" "ಆ ಸ್ಟೀಲ್ ಕೊಳಗ ನಂದು, ನಿಮ್ಮನೇಲಿ ಮರೆತು ಬಂದಿದ್ದೆ, ಅದನ್ನ ಬರೀಬೇಡ." ನಗುನಗುತ್ತಲೇ ಎಷ್ಟೋ ಬರೆದೆವು.

ಸೀರೆಯ ಸಾಲು ಬಂದಾಗ ನಿಂತೆ. ಅಮ್ಮನ ಧಾರೆ ಸೀರೆ, ನನ್ನ ಮದುವೆಯಲ್ಲಿ ನನಗೆ ಕೊಟ್ಟಿದ್ದು. ವರ್ಷ ಗೊತ್ತು, ಬೆಲೆ ಗೊತ್ತಿಲ್ಲ. ಫೋನ್ ಮಾಡಿ ಕೇಳಿದೆ. ಅಪ್ಪ ಆಗ ಮುನ್ನೂರೈವತ್ತು ರೂಪಾಯಿ ಕೊಟ್ಟಿದ್ದರಂತೆ. "ಅದಕ್ಕೆ ದುಡ್ಡು ಕೊಡ್ತಾರಾ? ಬೇಡ ಬಿಡು, ಬರೀಬೇಡ" ಅಂದಳು ಅಮ್ಮ. ನಾನು ಬರೆದೆ. ಬೆಲೆಯ ಕಡೆ 350 ರೂಪಾಯಿ ಅಂತಲೇ ಹಾಕಿದೆ. ಆ ಸೀರೆ ಇತ್ತು ಅನ್ನುವುದು ಎಲ್ಲಾದರೂ ಒಂದು ಕಡೆ ದಾಖಲಾಗಲಿ ಅನ್ನಿಸಿತು.

ಜಾಗ ಶುಚಿ ಮಾಡುವುದು ಎರಡು ಹಂತ. ಮೊದಲು ಪರಿಸರ ಇಲಾಖೆಯವರು ಬಂದು ಲಿಥಿಯಂ ಬ್ಯಾಟರಿ, ಗ್ಯಾಸ್ ಸಿಲಿಂಡರ್, ಬಣ್ಣದ ಡಬ್ಬಿ ಮುಂತಾದ ಅಪಾಯದ ಸಾಮಾನು ತೆಗೆಯುತ್ತಾರೆ. ಆಮೇಲೆ ಸೇನೆಯ ಎಂಜಿನಿಯರ್‌ಗಳ ವಿಭಾಗದವರು ಬೂದಿ, ತಳಪಾಯ, ಅದರ ಕೆಳಗಿನ ಆರು ಇಂಚು ಮಣ್ಣು ತೆಗೆದು ಲಾರಿಯಲ್ಲಿ ಸಾಗಿಸುತ್ತಾರೆ. ನಮ್ಮ ಜಾಗಕ್ಕೆ ಬರಬಹುದು ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಎಷ್ಟೋ ಜನ ಆ ಸಹಿಗೆ ತಿಂಗಳುಗಟ್ಟಲೆ ಹಿಂದೇಟು ಹಾಕಿದರು. ನನಗೆ ಅರ್ಥವಾಗುತ್ತದೆ. ಬೂದಿಯಾದರೂ ಅದು ಮನೆಯದು.

ನಮ್ಮ ಬೀದಿಯಲ್ಲಿ ತಾನಾಗಿ ಒಂದು ರೂಢಿ ಬಂತು. ಯಾರ ಜಾಗ ತೆಗೆಯುತ್ತಾರೋ ಆ ದಿನ ಬರಲಾಗುವವರೆಲ್ಲ ಮಡಚುವ ಕುರ್ಚಿ ತಂದು ಎದುರಿಗೆ ಕೂರುವುದು. ಒಬ್ಬರು ಕಾಫಿ, ಒಬ್ಬರು ಡೋನಟ್. ಹೊಗೆಗೂಡು ಬೀಳುವ ಮುಂಚೆ ಯಂತ್ರದವರು ನಿಲ್ಲಿಸಿ "ಏನಾದರೂ ಹೇಳುವುದಿದೆಯಾ?" ಅಂತ ಕೇಳುತ್ತಿದ್ದರು. ಕೆಲವರು ಪ್ರಾರ್ಥನೆ ಮಾಡಿದರು, ಕೆಲವರು ಆ ಮನೆಯಲ್ಲಿ ನಡೆದ ಒಂದು ಕಥೆ ಹೇಳಿದರು. ನಾನು ಅರಿಸಿನ ಕುಂಕುಮ ಹಾಕಿ ಕೈ ಮುಗಿದೆ. ಒಂದು ಜಾಗದ ಹೊಗೆಗೂಡನ್ನು ಮಾತ್ರ ಬೀಳಿಸುವ ಮುಂಚೆ ಸ್ವಯಂಸೇವಕ ಗಾರೆಯವರು ಬಂದು ಅದಕ್ಕೆ ಅಂಟಿಸಿದ್ದ ಹಳೇ ಸುಟ್ಟಮಣ್ಣಿನ ಟೈಲ್‌ಗಳನ್ನು ಒಂದೊಂದಾಗಿ ಬಿಡಿಸಿದರು. ನೂರು ವರ್ಷದ ಹಿಂದೆ ಈ ಕಡೆಯ ಅರ್ನೆಸ್ಟ್ ಬ್ಯಾಚೆಲ್ಡರ್ ಅನ್ನುವ ಕುಶಲಕರ್ಮಿ ಮಾಡಿದ ಟೈಲ್‌ಗಳು. ಬೆಂಕಿಯಲ್ಲಿ ಬೆಂದು ಹುಟ್ಟಿದ್ದವು, ಈ ಬೆಂಕಿಯಲ್ಲೂ ಉಳಿದವು.

ತೆಗೆದ ಮೇಲೆ ಮಣ್ಣು ಪರೀಕ್ಷೆ ಮಾಡಿಸುವುದಿಲ್ಲ ಅಂದರು. ಹಿಂದಿನ ದೊಡ್ಡ ಬೆಂಕಿಗಳಲ್ಲಿ ಮಾಡಿಸಿದ್ದರಂತೆ. ನಾವು ಬೀದಿಯವರು ದುಡ್ಡು ಸೇರಿಸಿ ಮಾಡಿಸಿದೆವು. ಎರಡು ಜಾಗದಲ್ಲಿ ಸೀಸ ಮಿತಿಗಿಂತ ಜಾಸ್ತಿ ಬಂತು, ಮತ್ತೆ ಮಣ್ಣು ತೆಗೆಸಬೇಕಾಯಿತು. ಮಕ್ಕಳು ಆಡುವ ಮಣ್ಣಿನ ವಿಷಯದಲ್ಲಿ ಹೀಗೆ ಮಾಡಬಾರದಿತ್ತು.

ಮಕ್ಕಳು ಹೇಗಿದ್ದಾರೆ ಅಂತ ಊರಿನವರು ಕೇಳುತ್ತಾರೆ. ಮಗಳು ಮಾತಾಡುತ್ತಾಳೆ. ಮಗ ಮಾತಾಡುವುದಿಲ್ಲ, ಚಿತ್ರ ಬರೆಯುತ್ತಾನೆ. ಗಾಳಿ ಜೋರಾದ ರಾತ್ರಿ ಶೂ ಹಾಕಿಕೊಂಡೇ ಮಲಗುತ್ತಾನೆ. ನಾವು ಬಿಚ್ಚಿಸುವುದಿಲ್ಲ.

ಸ್ಯಾಂಟಾ ರೋಸಾ ಅವೆನ್ಯೂದ ದೇವದಾರು ಮರಗಳನ್ನು ನೋಡಲು ಒಮ್ಮೆ ಅವನನ್ನು ಕರೆದುಕೊಂಡು ಹೋಗಿದ್ದೆ. ಹಿಮಾಲಯದ ಮರಗಳವು. 1880ರ ದಶಕದಲ್ಲಿ ನೆಟ್ಟದ್ದು. 1920ರಲ್ಲಿ ಶುರುವಾದ ಪದ್ಧತಿಯಂತೆ ಕ್ರಿಸ್‌ಮಸ್‌ಗೆ ಅವಕ್ಕೆ ದೀಪ ಹಾಕುತ್ತಾರೆ. ಸುತ್ತ ಅಷ್ಟು ಮನೆ ಹೋದರೂ ಮರಗಳು ಉಳಿದಿವೆ. ಅವನು ಒಂದು ಮರದ ತೊಗಟೆ ಮುಟ್ಟಿ, "ಇದೂ ನಮ್ಮ ಥರ ಇಂಡಿಯಾದಿಂದ ಬಂದಿದ್ದಾ?" ಅಂತ ಕೇಳಿದ. ಆ ದಿನ ಅವನು ಆಡಿದ್ದು ಅದೊಂದೇ ಮಾತು.

ಈಗ ಬೀದಿಯ ಅಂಗಳಗಳಲ್ಲಿ "ಆಲ್ಟಡೀನ ಮಾರಾಟಕ್ಕಿಲ್ಲ" ಅನ್ನುವ ಬೋರ್ಡುಗಳಿವೆ. ಖಾಲಿ ಜಾಗ ಕೊಳ್ಳುವ ಕಂಪನಿಗಳಿಂದ ಫೋನು ಬರುವುದು ನಿಂತಿಲ್ಲ. ಮಾರಿ ಹೋದವರೂ ಇದ್ದಾರೆ, ಅವರನ್ನು ಯಾರೂ ಬಯ್ಯುವುದಿಲ್ಲ. ಕಟ್ಟುವ ಖರ್ಚಿಗೂ ಇನ್ಶೂರೆನ್ಸ್ ಕೊಡುವುದಕ್ಕೂ ನಡುವಿನ ಅಂತರ ಎಷ್ಟು ಅಂತ ಎಲ್ಲರಿಗೂ ಗೊತ್ತು. ಬೆಂಕಿಗೆ ಕಾರಣ ಯಾರು ಅನ್ನುವ ಬಗ್ಗೆ ವಿದ್ಯುತ್ ಕಂಪನಿಯ ಮೇಲೆ ಹೂಡಿದ ದಾವೆಗಳದ್ದು ಬೇರೆಯೇ ಕಥೆ.

ನಮ್ಮದು ಇನ್ನೂ ನಿರ್ಧಾರ ಆಗಿಲ್ಲ. ಅಜ್ಜಿಯದು ಆಗಿದೆ. ನಕ್ಷೆ ಸಲ್ಲಿಸಿದ್ದಾರೆ. ಮುಂದಿನ ಜಗಲಿ ಮೊದಲಿನಷ್ಟೇ ಅಗಲ ಬೇಕು ಅಂತ ಅವರ ಹಟ. ಕೌಂಟಿಯವರು ಈಗಿನ ನಿಯಮದ ಪ್ರಕಾರ ಎರಡು ಅಡಿ ಕಡಿಮೆ ಮಾಡಿ ಅಂದಿದ್ದಾರೆ. ಹಳೇ ಅಳತೆಗೆ ಸಾಕ್ಷಿ ಬೇಕಂತೆ. ನಮ್ಮ ಮನೆಯ ಗೃಹಪ್ರವೇಶದ ಫೋಟೋಗಳಲ್ಲಿ ಒಂದರ ಹಿಂದೆ ಆ ಜಗಲಿ ಪೂರ್ತಿ ಕಾಣುತ್ತದೆ, ಅದರ ಮೇಲೆ ಅಜ್ಜಿಯ ಗಂಡ ಕೂತಿದ್ದಾರೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇವೆ. ಗುರುವಾರ ಪರ್ಮಿಟ್ ಕೌಂಟರಿಗೆ ಹೋಗುವುದಿದೆ. ಅವರು ಮಾತಾಡುತ್ತಾರೆ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.